ರಾಕಿ ಪರ್ವತದಲ್ಲಿ ಟಗರು ಬೇಟೆ

ಮಲೆನಾಡಿನವರಿಗೆ ಕಾಡುಕುರಿ ಎಂದರೆ ನಾಯಿಯಂತೆ ಬೊಗಳುವ, ಕೆಂಚು ಬಣ್ಣದ ಚಿಕ್ಕ ಜಿಂಕೆ. ಹೆಸರಿನಲ್ಲಿ ಕುರಿ ಇದೆಯೇ ಹೊರತು ಅದು ಕುರಿಯಲ್ಲ. ನಾನೀಗ ಹೇಳಹೊರಟಿರುವುದು ನಿಜವಾದ ಕಾಡಿನ ಕುರಿಯ ವಿಷಯ. ಉತ್ತರ ಅಮೆರಿಕದ ರಾಕಿ ಪರ್ವತಗಳಲ್ಲಿ ವಾಸಿಸುವ ಇದನ್ನು ಅಲ್ಲಿನವರು ಬಿಗ್‌ಹಾರ್ನ್ ಎಂದು ಕರೆಯುತ್ತಾರೆ, ಎಂದರೆ ದೊಡ್ಡ ಕೊಂಬಿನದು. ಬೆಳೆದ ಟಗರು ನೂರು ಕಿಲೋ ದಾಟುತ್ತದೆ. ಅದರ ಕೊಂಬುಗಳೇ ಹದಿಮೂರು ಹದಿನಾಲ್ಕು ಕಿಲೋ ತೂಗುವುದುಂಟು. ಹಿಂದಕ್ಕೆ ಬಾಗಿ, ಕೆಳಗಿಳಿದು, ಕೆನ್ನೆಯ ಪಕ್ಕದಿಂದ ಮತ್ತೆ ಮೇಲಕ್ಕೆ ಸುತ್ತುವ ಆ ಕೊಂಬನ್ನು ಒಮ್ಮೆ ನೋಡಿದವರು ಮರೆಯಲಾರರು.

2018ರ ಸೆಪ್ಟೆಂಬರಿನಲ್ಲಿ ನಾನೂ ನನ್ನಾಕೆಯೂ ಕೆನಡಾದ ಕ್ಯಾಲ್ಗರಿಯಲ್ಲಿರುವ ಮಗಳ ಮನೆಯಲ್ಲಿದ್ದೆವು. ಬಾನ್ಫ್ ರಾಷ್ಟ್ರೀಯ ಉದ್ಯಾನಕ್ಕೆ ಹೋದಾಗ ಮಿನ್ನೆವಾಂಕಾ ಸರೋವರದ ರಸ್ತೆಯ ಬದಿಯಲ್ಲಿ ಈ ಕುರಿಗಳ ಹಿಂಡು ನಮ್ಮ ಕಾರಿಗೆ ದಾರಿಯನ್ನೇ ಬಿಡದೆ ನಿಂತಿತ್ತು. ಪ್ರವಾಸಿಗರು ಫೋಟೋ ತೆಗೆಯುತ್ತಿದ್ದರು, ಕುರಿಗಳು ಡಾಂಬರು ನೆಕ್ಕುತ್ತಿದ್ದವು. ರಸ್ತೆಯ ಉಪ್ಪಿನ ಆಸೆ ಅವಕ್ಕೆ. "ಇಷ್ಟು ಸಾಧು ಪ್ರಾಣಿಯನ್ನು ಹೊಡೆಯುವುದು ಯಾವ ದೊಡ್ಡಸ್ತಿಕೆ?" ಎಂದು ನಾನು ಅಳಿಯನನ್ನು ಕೇಳಿದೆ. "ಇಲ್ಲಿ ಬೇಟೆ ಇಲ್ಲ ಮಾವ, ಅದು ಅವಕ್ಕೂ ಗೊತ್ತು. ಉದ್ಯಾನದ ಗಡಿ ದಾಟಿದ ಮೇಲೆ ನೋಡಿ, ಅರ್ಧ ಮೈಲಿ ದೂರದಲ್ಲೇ ನಿಮ್ಮನ್ನು ಕಂಡು ಮಾಯವಾಗುತ್ತವೆ" ಎಂದ.

ಅಳಿಯ ಡೊಂಬಿವಲಿಯಲ್ಲಿ ಬೆಳೆದ ಹುಡುಗ. ಬೇಟೆಯ ಗಂಧವೇ ಇಲ್ಲದವನು. ಇದನ್ನೆಲ್ಲ ಅವನು ಕಲಿತದ್ದು ಪಕ್ಕದ ಮನೆಯವರಿಂದ. ಆ ಮನೆಯಲ್ಲಿ ಮೂರು ತಲೆಮಾರು ಒಟ್ಟಿಗಿತ್ತು: ಎಪ್ಪತ್ತೆಂಟು ದಾಟಿದ ಅಜ್ಜ, ಶಾಲಾ ಮಾಸ್ತರನಾದ ಮಗ, ಹದಿನೇಳರ ಮೊಮ್ಮಗ. ಆ ವರ್ಷ ಮೊಮ್ಮಗನ ಹೆಸರಿನಲ್ಲಿ ಮೊದಲ ಬಾರಿಗೆ ಟಗರು ಬೇಟೆಯ ಪರವಾನಗಿ ತೆಗೆಸಿದ್ದರು. ಆಲ್ಬರ್ಟಾ ಪ್ರಾಂತ್ಯದ ನಿವಾಸಿಗೆ ಆ ಪರವಾನಗಿಗೆ ಆಗುವ ಖರ್ಚು ದೊಡ್ಡದೇನಲ್ಲ. ಅದೇ ಹೊರದೇಶದವನು ಬಂದರೆ ವೃತ್ತಿಪರ ಮಾರ್ಗದರ್ಶಿಯನ್ನು ಗೊತ್ತುಮಾಡಿಕೊಳ್ಳಲೇಬೇಕು, ಹತ್ತಾರು ಸಾವಿರ ಡಾಲರ್ ಸುರಿಯಬೇಕು. ಇನ್ನು ಗಡಿಯಾಚೆಯ ಅಮೆರಿಕದಲ್ಲಿ ಹೆಚ್ಚಿನ ಕಡೆ ಈ ಪರವಾನಗಿ ಸಿಗುವುದು ಲಾಟರಿಯಲ್ಲಿ. ಇಪ್ಪತ್ತು ವರ್ಷ ಅರ್ಜಿ ಹಾಕಿಯೂ ಸಿಗದವರಿದ್ದಾರೆ. ಅಲ್ಲಿನ ಮೊಂಟಾನಾ ರಾಜ್ಯದಲ್ಲಿ ಪ್ರತಿ ವರ್ಷ ಒಂದು ಪರವಾನಗಿಯನ್ನು ಹರಾಜು ಹಾಕಿ, ಬಂದ ಹಣವನ್ನು ಕುರಿಗಳ ರಕ್ಷಣೆಗೆ ಬಳಸುತ್ತಾರೆ. 2013ರಲ್ಲಿ ಅದು 4,80,000 ಡಾಲರಿಗೆ ಹೋಯಿತು. ಒಂದು ಟಗರಿಗೆ!

ಪಕ್ಕದ ಮನೆಯ ಬೈಠಕ್ ಖೋಲಿಯ ಗೋಡೆಯ ಮೇಲೆ ಅಜ್ಜ ತನ್ನ ಯೌವನದಲ್ಲಿ ಹೊಡೆದ ಟಗರಿನ ತಲೆಯಿತ್ತು. ಬೇಟೆಗೆ ಮುಂಚಿನ ಎರಡು ವಾರ ಆ ಹುಡುಗ ಪ್ರತಿ ಸಂಜೆ ಅದರ ಮುಂದೆ ಒಂದು ದಾರ ಹಿಡಿದು ನಿಲ್ಲುತ್ತಿದ್ದ. ಮೊದಲು ನನಗೆ ಇದು ಯಾವುದೋ ಪೂಜೆಯಂತೆ ಕಂಡಿತು. ಆಮೇಲೆ ತಿಳಿಯಿತು, ಅದು ಕಾನೂನಿನ ಪಾಠ. ಅಲ್ಲಿ ಕಂಡ ಟಗರನ್ನೆಲ್ಲ ಹೊಡೆಯುವಂತಿಲ್ಲ. ಟಗರನ್ನು ಸರಿಯಾಗಿ ಪಕ್ಕದಿಂದ ನೋಡಿದಾಗ, ಕೊಂಬಿನ ಬುಡದ ಮುಂಭಾಗದಿಂದ ತುದಿಯವರೆಗೆ ಒಂದು ನೇರ ಗೆರೆ ಎಳೆದರೆ ಆ ಗೆರೆ ಕಣ್ಣಿನ ಮುಂದಿನ ಅಂಚನ್ನು ದಾಟಿ ಹೋಗಬೇಕು. ಎರಡರಲ್ಲಿ ಒಂದು ಕೊಂಬಾದರೂ ಅಷ್ಟು ಬೆಳೆದಿರಬೇಕು. ಐದರಲ್ಲಿ ನಾಲ್ಕು ಭಾಗ ಸುತ್ತು ಎಂದು ಇದನ್ನು ಕರೆಯುತ್ತಾರೆ. ಹೊಡೆದ ಮೇಲೆ ತಲೆಯನ್ನು ನಿಗದಿತ ದಿನಗಳೊಳಗೆ ಅಧಿಕಾರಿಗಳಿಗೆ ತೋರಿಸಬೇಕು. ಅವರು ಅಳೆದು, ಕೊಂಬಿಗೆ ಗುರುತಿನ ಮೊಳೆ ಕೂರಿಸಿ ಕೊಡುತ್ತಾರೆ. ಗೆರೆ ಕೂದಲೆಳೆಯಷ್ಟು ಕಡಿಮೆಯಾದರೂ ತಲೆ ಮುಟ್ಟುಗೋಲು, ಮೇಲೆ ಮೊಕದ್ದಮೆ. ಮಾಂಸವನ್ನು ಬೆಟ್ಟದಲ್ಲಿ ಬಿಟ್ಟು ಕೊಂಬು ಮಾತ್ರ ತರುವುದೂ ಅಪರಾಧವೇ.

ಅಳಿಯ ಹೊರೆ ಹೊರಲು ಹೊರಟಿದ್ದ. "ನೀವೂ ಬನ್ನಿ, ಕೆಳಗಿನ ಬಿಡಾರದಲ್ಲಿ ಅಜ್ಜನಿಗೆ ಜೊತೆಯಾಗುತ್ತದೆ" ಎಂದು ಅವರು ಕರೆದಾಗ ಮಗಳು ಬೇಡವೆಂದಳು. ನಾನು ಹೋದೆ. ಕ್ಯಾಲ್ಗರಿಯ ನೈಋತ್ಯಕ್ಕೆ, ರಾಕಿ ಪರ್ವತದ ಪೂರ್ವದ ಇಳಿಜಾರಿನ ಒಂದು ಕಣಿವೆ. ಜಲ್ಲಿರಸ್ತೆ ಮುಗಿಯುವಲ್ಲಿ ಎರಡು ಡೇರೆ ಹಾಕಿದೆವು. ಬೆಟ್ಟ ಹತ್ತಿದವರು ಐವರು: ಹುಡುಗ, ಅವನ ಅಪ್ಪ, ಅಪ್ಪನ ತಂಗಿ, ಹುಡುಗನ ಸಹಪಾಠಿ ಮತ್ತು ನನ್ನ ಅಳಿಯ. ಆ ಅತ್ತೆಯೇ ಗುಂಪಿನ ನಿಜವಾದ ಬೇಟೆಗಾರ್ತಿ. ಕೋವಿ ಮಾತ್ರ ಹುಡುಗನ ಹೆಗಲಲ್ಲಿ. ಅದು ಅಜ್ಜನ ಪಾಯಿಂಟ್ ಟೂ ಸೆವೆಂಟಿ ರೈಫಲ್. ಜ್ಯಾಕ್ ಓ'ಕಾನರ್ ಎಂಬ ಅಮೆರಿಕದ ಬೇಟೆ ಲೇಖಕ ತನ್ನ ಬರಹಗಳಿಂದ ಬೆಟ್ಟದ ಟಗರು ಬೇಟೆಗೂ ಆ ಕೋವಿಗೂ ಗಂಟು ಹಾಕಿಬಿಟ್ಟ. ಅಜ್ಜ ಅವನ ಲೇಖನ ಓದಿಯೇ ಕೊಂಡದ್ದಂತೆ.

ಬಿಡಾರದಲ್ಲಿ ಉಳಿದ ಇಬ್ಬರು ಮುದುಕರಿಗೆ ಮಾತಾಡುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಗ್ರಿಜ್ಲಿ ಕರಡಿಗಳ ಪ್ರದೇಶವಾದ್ದರಿಂದ ತಿನ್ನುವ ಪದಾರ್ಥವನ್ನೆಲ್ಲ ಗಾಡಿಯೊಳಗೆ ಬೀಗ ಹಾಕಿಡಬೇಕು. ಮಗಳು ಕಟ್ಟಿಕೊಟ್ಟ ರವೆಯಿಂದ ನಾನು ಉಪ್ಪಿಟ್ಟು ಮಾಡಿದೆ. ಅಜ್ಜ ಎರಡು ಸಲ ಹಾಕಿಸಿಕೊಂಡರು. ನಾನು ನನ್ನ ಅಜ್ಜನ ಕಥೆ ಹೇಳಿದೆ. ತೀರ್ಥಹಳ್ಳಿಯ ಕಡೆ ಊರಿಗೆ ಊರೇ ಸೇರಿ ಹೋಗುತ್ತಿದ್ದ ಸೋವಿನ ಬೇಟೆ: ಒಂದು ಕಡೆಯಿಂದ ಗದ್ದಲ ಮಾಡಿ ಎಬ್ಬಿಸುವವರು, ಇನ್ನೊಂದು ಕಡೆ ಕೋವಿ ಹಿಡಿದು ಕಾಯುವವರು, ಸಂಜೆ ಮಾಂಸ ಹಂಚುವಾಗ ಈಡು ಹೊಡೆದವನಿಗೆ ಒಂದು ಪಾಲು, ನಾಯಿ ತಂದವನಿಗೂ ಒಂದು ಪಾಲು. "ಎಂಥ ಪ್ರಾಣಿಯನ್ನು ಹೊಡೆಯಬಾರದು ಎಂಬ ನಿಯಮವಿತ್ತೆ?" ಎಂದು ಅವರು ಕೇಳಿದರು. ನಾನು ಯೋಚಿಸಿದೆ. ಓಡಿ ಬಂದದ್ದನ್ನು ಹೊಡೆಯುತ್ತಿದ್ದರು, ಅಷ್ಟೇ. ನಾನು ಹುಡುಗನಾಗಿದ್ದಾಗಲೇ ಅರ್ಧ ಕಾಡು ಬರಿದಾಗಿತ್ತು. 1972ರ ವನ್ಯಜೀವಿ ಕಾಯಿದೆ ಬಂದು ಬೇಟೆ ನಿಂತದ್ದು ಒಳ್ಳೆಯದೇ ಆಯಿತು ಎಂದು ನಾನು ಈಗಲೂ ನಂಬಿದ್ದೇನೆ.

ಅವರ ದೇಶದ ಕಥೆಯೂ ಬೇರೆಯಲ್ಲ. ಒಂದು ಕಾಲಕ್ಕೆ ಉತ್ತರ ಅಮೆರಿಕದಲ್ಲಿ ಲಕ್ಷಗಟ್ಟಲೆ ಇದ್ದ ಬಿಗ್‌ಹಾರ್ನ್‌ಗಳು 1950ರ ದಶಕದ ಹೊತ್ತಿಗೆ ಅಂದಾಜು 25,000ಕ್ಕೆ ಇಳಿದಿದ್ದವು. ಲಂಗುಲಗಾಮಿಲ್ಲದ ಬೇಟೆ ಒಂದು ಕಾರಣ. ಅದಕ್ಕಿಂತ ಘೋರವಾದದ್ದು ಸಾಕುಕುರಿಗಳಿಂದ ಬಂದ ನ್ಯುಮೋನಿಯಾ. ಊರ ಕುರಿಗೆ ಹೆಚ್ಚೇನೂ ಮಾಡದ ರೋಗಾಣು ಬೆಟ್ಟದ ಕುರಿಯ ಹಿಂಡನ್ನೇ ಒರೆಸಿಹಾಕುತ್ತದೆ. ಬದುಕುಳಿದ ತಾಯಂದಿರ ಮರಿಗಳು ಮುಂದಿನ ಎಷ್ಟೋ ವರ್ಷ ಸಾಯುತ್ತಲೇ ಇರುತ್ತವೆ. ಬೇಟೆಗೆ ಮಿತಿ ಹಾಕಿ, ಇದ್ದ ಕಡೆಯಿಂದ ಇಲ್ಲದ ಕಡೆಗೆ ಕುರಿಗಳನ್ನು ಸಾಗಿಸಿ, ಈಗ ಸಂಖ್ಯೆ 80,000ದ ಆಸುಪಾಸಿಗೆ ಬಂದಿದೆ. ಆ ಖರ್ಚಿನ ಬಹುಭಾಗವನ್ನು ಕೊಟ್ಟವರು ಬೇಟೆಗಾರರೇ ಎಂಬುದು ನನಗೆ ಜೀರ್ಣಿಸಿಕೊಳ್ಳಲು ಕಷ್ಟವಾದ ಸಂಗತಿ, ಆದರೆ ಸುಳ್ಳಲ್ಲ.

ಅಜ್ಜನಿಗೆ ಕೊರೆಯುತ್ತಿದ್ದ ವಿಷಯ ಇನ್ನೊಂದಿತ್ತು. ಇದೇ ಆಲ್ಬರ್ಟಾದಲ್ಲಿ ರ್‍ಯಾಮ್ ಮೌಂಟನ್ ಎಂಬ ಬೆಟ್ಟವಿದೆ, ಟಗರು ಬೆಟ್ಟ ಎನ್ನೋಣ. ಅಲ್ಲಿ 1970ರ ದಶಕದ ಆರಂಭದಿಂದ ವಿಜ್ಞಾನಿಗಳು ಒಂದೊಂದು ಕುರಿಯನ್ನೂ ಗುರುತು ಹಾಕಿ, ಹಿಡಿದು, ತೂಗಿ, ಅಳೆದು ಲೆಕ್ಕ ಇಟ್ಟಿದ್ದಾರೆ. 2003ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಆ ಲೆಕ್ಕ ಪ್ರಕಟವಾಯಿತು. ಮೂವತ್ತು ವರ್ಷಗಳಲ್ಲಿ ಟಗರುಗಳ ತೂಕವೂ ಕೊಂಬಿನ ಉದ್ದವೂ ಇಳಿದಿದ್ದವು. ಅವರ ವಿವರಣೆ ಹೀಗೆ: ಬೇಗ ಬೇಗ ಕೊಂಬು ಬೆಳೆಸುವ ಟಗರು ನಾಲ್ಕು ಐದನೆಯ ವಯಸ್ಸಿಗೇ ಕಾನೂನಿನ ಗೆರೆ ದಾಟಿ ಗುಂಡಿಗೆ ಬೀಳುತ್ತದೆ. ಆದರೆ ಟಗರು ಹಿಂಡಿನಲ್ಲಿ ಮೇಲುಗೈ ಪಡೆದು ಹೆಚ್ಚು ಮರಿ ಹುಟ್ಟಿಸುವುದು ಆರೇಳು ವರ್ಷ ದಾಟಿದ ಮೇಲೆ. ಹಾಗಾಗಿ ಸಂತಾನ ಬೆಳೆಸುವುದು ಕೊಂಬು ಚಿಕ್ಕದಾಗಿ ಉಳಿದವು. ದೊಡ್ಡ ಕೊಂಬಿನ ಆಸೆಯೇ ದೊಡ್ಡ ಕೊಂಬನ್ನು ಕಳೆಯುತ್ತಿದೆ ಎಂದಾಯಿತು. ಮೇವಿನ ಕೊರತೆಯೇ ಮುಖ್ಯ ಕಾರಣ ಎಂದು ವಾದಿಸುವ ತಜ್ಞರೂ ಇದ್ದಾರೆ, ಜಗಳ ಮುಗಿದಿಲ್ಲ.

ಟಗರಿನ ವಯಸ್ಸು ತಿಳಿಯುವುದು ಕೊಂಬಿನಿಂದಲೇ. ಜಿಂಕೆಯ ಕೊಂಬಿನಂತೆ ಇದು ವರ್ಷವರ್ಷ ಉದುರುವುದಿಲ್ಲ. ಚಳಿಗಾಲದಲ್ಲಿ ಬೆಳವಣಿಗೆ ನಿಂತಾಗ ಒಂದು ಕಪ್ಪು ಉಂಗುರ ಬೀಳುತ್ತದೆ, ವರ್ಷಕ್ಕೊಂದು. ಮುದಿ ಟಗರುಗಳಲ್ಲಿ ತುದಿ ಮುರಿದು ಮೊಂಡಾಗಿರುವುದೇ ಹೆಚ್ಚು. ಇಲ್ಲಿ ಒಂದು ತಮಾಷೆ ನೋಡಿ. ತುದಿ ಮುರಿದ ಹತ್ತು ವರ್ಷದ ಟಗರು ಗೆರೆಗೆ ಸಾಲದೆ ಕಾನೂನಿನ ರಕ್ಷಣೆ ಪಡೆಯಬಹುದು. ಚೂಪು ತುದಿಯ ಐದು ವರ್ಷದ್ದು ಗೆರೆ ದಾಟಿ ಸಾಯಬಹುದು.

ಮೊದಲ ಮೂರು ದಿನ ಮೇಲೆ ಹೋದವರಿಗೆ ಹೆಣ್ಣು ಕುರಿ, ಮರಿಗಳು, ಒಂದು ರಾತ್ರಿಯ ಹಿಮ, ಇಷ್ಟೇ ಸಿಕ್ಕಿದ್ದು. ಈ ಕಾಲದಲ್ಲಿ ಟಗರುಗಳು ಬೇರೆಯೇ ಗುಂಪು ಕಟ್ಟಿಕೊಂಡಿರುತ್ತವೆ. ನಾಲ್ಕನೆಯ ದಿನದ ಕಥೆಯನ್ನು ನಾನು ಅಳಿಯನ ಬಾಯಲ್ಲೇ ಕೇಳಿದೆ.

"ಬೆಳಗಾಗುವ ಮೊದಲೇ ಎಬ್ಬಿಸಿದರು ಮಾವ. ಬಿಸಿಲೇರಿದ ಮೇಲೆ ಗಾಳಿ ಕೆಳಗಿನಿಂದ ಮೇಲಕ್ಕೆ ಬೀಸುತ್ತದಂತೆ, ಅದಕ್ಕೇ ಟಗರಿಗಿಂತ ಮೇಲಿರಬೇಕು. ಬೆಟ್ಟದ ಬೆನ್ನು ಹತ್ತಿ, ಕಲ್ಲುಗುಡ್ಡೆಯ ಹಿಂದೆ ಹೊಟ್ಟೆಯ ಮೇಲೆ ಮಲಗಿ ಇಣುಕಿದರೆ ಕೆಳಗಿನ ಹುಲ್ಲುಪಟ್ಟಿಯಲ್ಲಿ ಐದು ಟಗರು. ಇನ್ನೂರೈವತ್ತು ಮೀಟರ್ ಇರಬೇಕು. ಮಲಗಿಕೊಂಡು ಮೆಲುಕು ಹಾಕುತ್ತಿದ್ದವು. ನನಗೆ ಎಲ್ಲವೂ ಒಂದೇ ಥರ ಕಂಡವು."

ಅತ್ತೆ ಮುಕ್ಕಾಲಿಯ ಮೇಲೆ ದೊಡ್ಡ ದುರ್ಬೀನು ಇಟ್ಟು ನೋಡಿದಳು. ಒಂದು ಮುದಿ ಟಗರು: ಎರಡು ತುದಿಯೂ ಮೊಂಡು, ಕನಿಷ್ಠ ಹತ್ತು ಉಂಗುರ. ಗೆರೆ ಕಣ್ಣಿನವರೆಗೆ ಬರುವುದಿಲ್ಲ. ಇನ್ನು ಮೂರು ಸಣ್ಣವು. ಐದನೆಯದು ನೋಡಲು ಸೊಗಸಾದ ಪ್ರಾಣಿ, ಚೂಪು ತುದಿ. ಆದರೆ ಅದು ಇವರತ್ತ ಮುಖ ಮಾಡಿ ಮಲಗಿತ್ತು. ಪಕ್ಕಕ್ಕೆ ತಿರುಗದೆ ಗೆರೆ ನೋಡುವಂತಿಲ್ಲ. ಎರಡೂವರೆ ಗಂಟೆ ಐವರೂ ಚಳಿಯಲ್ಲಿ ಅಲುಗಾಡದೆ ಬಿದ್ದಿದ್ದರಂತೆ. ಕೊನೆಗೆ ಆ ಟಗರು ಎದ್ದು, ಮೈಮುರಿದು, ಪಕ್ಕಕ್ಕೆ ನಿಂತಿತು. ಅತ್ತೆ ದುರ್ಬೀನಿನಿಂದ ಕಣ್ಣು ತೆಗೆಯದೆ, "ದಾಟಿದೆ. ಸ್ವಲ್ಪವೇ, ಆದರೆ ದಾಟಿದೆ" ಎಂದಳು. ಅಪ್ಪ ನೋಡಿ ಹೌದೆಂದ. "ಹೊಡೆಯುವುದು ಬಿಡುವುದು ನಿನಗೆ ಸೇರಿದ್ದು" ಎಂದ.

ಹುಡುಗ ಕೋವಿಯ ಕುದುರೆಯ ಮೇಲಿನ ಬೆರಳು ತೆಗೆದು ದುರ್ಬೀನಿನ ಹತ್ತಿರ ತೆವಳಿದ. ತುಟಿ ಅಲ್ಲಾಡಿಸುತ್ತ ಎಣಿಸಿದ. ಇನ್ನೊಮ್ಮೆ ಎಣಿಸಿದ. "ಐದು" ಎಂದ. ಮತ್ತೆ ಕೋವಿ ಮುಟ್ಟಲಿಲ್ಲ. ಸ್ವಲ್ಪ ಹೊತ್ತಿಗೆ ಮುದಿ ಟಗರು ಮುಂದಾಗಿ, ಉಳಿದವು ಹಿಂದಾಗಿ ಬಂಡೆಗಳ ನಡುವೆ ನಡೆದುಹೋದವು.

"ನಾನಾಗಿದ್ದರೆ ಹೊಡೆಯುತ್ತಿದ್ದೆ ಮಾವ. ನಾಲ್ಕು ದಿನ ಸತ್ತುಹೋಗಿದ್ದೇವೆ" ಎಂದ ಅಳಿಯ. ಸಹಪಾಠಿ ಹುಡುಗನಿಗೂ ಸಿಟ್ಟು ಬಂದಿತ್ತು. ಇಳಿಯುವ ದಾರಿಯುದ್ದಕ್ಕೂ ಗೆಳೆಯನ ಜೊತೆ ಮಾತಾಡಲಿಲ್ಲವಂತೆ. ಅವನದೂ ತಪ್ಪಲ್ಲ. ಹೀಗೆ ಹೋದವರಲ್ಲಿ ಬಹುಪಾಲು ಜನ ಕಾನೂನಿಗೆ ಹೊಂದುವ ಟಗರನ್ನು ಕಣ್ಣಿನಿಂದಲೂ ಕಾಣದೆ ಮರಳುತ್ತಾರೆ. ಕಂಡದ್ದನ್ನು ಬಿಟ್ಟು ಬಂದರೆ ಹೊರೆ ಹೊತ್ತವನಿಗೆ ಹೇಗಾಗಬೇಡ?

ಕತ್ತಲಾಗುವ ಹೊತ್ತಿಗೆ ಐವರೂ ಬಿಡಾರಕ್ಕೆ ಇಳಿದರು. ಅಜ್ಜ ಎಲ್ಲವನ್ನೂ ಕೇಳಿಸಿಕೊಂಡರು. ಶಭಾಸ್ ಎನ್ನಬಹುದು ಎಂದು ನಾನು ಕಾದಿದ್ದೆ. ಅವರು ಬೆಂಕಿಗೆ ಎರಡು ಕಟ್ಟಿಗೆ ಹಾಕಿ, "ಗೋಡೆಯ ಮೇಲಿರುವುದಕ್ಕೂ ಐದೇ ಉಂಗುರ. ಹೊಡೆದಾಗ ನಾನು ಎಣಿಸಿರಲಿಲ್ಲ" ಎಂದರು. "ಗೊತ್ತು" ಎಂದ ಮೊಮ್ಮಗ. ಎರಡು ವಾರ ದಾರ ಹಿಡಿದು ಅದರ ಮುಂದೆ ನಿಂತವನಿಗೆ ಗೊತ್ತಿಲ್ಲದೆ ಇದ್ದೀತೆ! ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಅಂಗಡಿಯಿಂದ ತಂದಿದ್ದ ಸಾಸೇಜ್ ಹುರಿದು ಉಂಡೆವು.

ಅಕ್ಟೋಬರ್ 31ಕ್ಕೆ ಹಂಗಾಮು ಮುಗಿಯುವ ಮೊದಲು ಅಪ್ಪ ಮಗ ಇಬ್ಬರೇ ಮತ್ತೊಮ್ಮೆ ಹೋಗಿ, ಸೊಂಟದವರೆಗಿನ ಹಿಮದಲ್ಲಿ ಏನೂ ಕಾಣದೆ ಬಂದರು. ನಾವು ನವೆಂಬರಿನಲ್ಲಿ ಮುಂಬಯಿಗೆ ಮರಳಿದೆವು. ಅದು ಟಗರುಗಳು ಒಂದಕ್ಕೊಂದು ಹಾಯುವ ಕಾಲ. ಕೊಂಬಿಗೆ ಕೊಂಬು ತಾಗಿದ ಸದ್ದು ಒಂದು ಮೈಲಿ ದೂರಕ್ಕೂ ಕೇಳುತ್ತದೆಂದು ಅಜ್ಜ ಹೇಳಿದ್ದರು. ಅದನ್ನು ಕೇಳುವ ಯೋಗ ನನಗೆ ಬರಲಿಲ್ಲ.

ಎರಡು ವರ್ಷದ ಮೇಲೆ ಫೋನಿನಲ್ಲಿ ಅಳಿಯನನ್ನು ವಿಚಾರಿಸಿದೆ, ಹುಡುಗನಿಗೆ ಟಗರು ಸಿಕ್ಕಿತೇ ಎಂದು. "ಇನ್ನೂ ಇಲ್ಲ ಮಾವ" ಎಂದ. ಸ್ವಲ್ಪ ತಡೆದು, "ಈ ಸಲ ನಾನೂ ಪರವಾನಗಿ ತೆಗೆದುಕೊಂಡಿದ್ದೇನೆ. ನಿಮ್ಮ ಮಗಳಿಗೆ ಇನ್ನೂ ಹೇಳಿಲ್ಲ" ಎಂದ.