*ವಿಲೋ ತೊಗಟೆ ಆಸ್ಪಿರಿನ್‌ಗೆ ಬದಲಿಯೇ?*



ಸ್ಟೆಂಟ್ ಹಾಕಿಸಿಕೊಂಡವರು ಆಗಾಗ ಕೇಳುವ ಪ್ರಶ್ನೆ: "ಡಾಕ್ಟ್ರೇ, ಆಸ್ಪಿರಿನ್ ಮರದ ತೊಗಟೆಯಿಂದಲೇ ಬಂದದ್ದಂತೆ. ಮಾತ್ರೆ ಬಿಟ್ಟು ವಿಲೋ ತೊಗಟೆಯ ಕ್ಯಾಪ್ಸೂಲ್ ತಗೊಳ್ಳಬಹುದಾ?"

ಖಂಡಿತ ಬೇಡ. ಏಕೆಂದು ನೋಡೋಣ.

*ಗ್ಲೈಕೋಸೈಡ್ ಎಂದರೇನು?*
ಸಸ್ಯಗಳು ಎಷ್ಟೋ ರಾಸಾಯನಿಕಗಳನ್ನು ಸಕ್ಕರೆಯ ಅಣುವಿಗೆ ಜೋಡಿಸಿ ಇಟ್ಟುಕೊಳ್ಳುತ್ತವೆ. ಈ ಜೋಡಿಯೇ ಗ್ಲೈಕೋಸೈಡ್. ಅದರಲ್ಲಿ ಸಕ್ಕರೆಯಲ್ಲದ ಭಾಗಕ್ಕೆ ಅಗ್ಲೈಕೋನ್ ಎಂದು ಹೆಸರು. ಅದು ಫೀನಾಲ್ ಜಾತಿಯದಾದರೆ ಫೀನಾಲಿಕ್ ಗ್ಲೈಕೋಸೈಡ್. ಇವುಗಳ ವರ್ಗೀಕರಣ ನಡೆಯುವುದೂ ಅಗ್ಲೈಕೋನ್ ನೋಡಿಯೇ:

🔹 ಸರಳ ಫೀನಾಲ್: ವಿಲೋ ತೊಗಟೆಯ ಸ್ಯಾಲಿಸಿನ್
🔹 ಫ್ಲೇವನಾಯ್ಡ್: ಚಕ್ಕೋತಕ್ಕೆ ಕಹಿ ಕೊಡುವ ನಾರಿಂಜಿನ್
🔹 ಆಂಥೋಸಯನಿನ್: ನೇರಳೆ ಹಣ್ಣು ತಿಂದಾಗ ನಾಲಿಗೆಗೆ ಹತ್ತುವ ಬಣ್ಣ
🔹 ಆಂಥ್ರಾಕ್ವಿನೋನ್: ಸೋನಾಮುಖಿ ಎಲೆಯ ಸೆನ್ನೋಸೈಡ್

ಎಲ್ಲದರಲ್ಲೂ ಸಕ್ಕರೆ ಇದೆ. ಆದರೆ ಒಂದು ಬಣ್ಣ ಕೊಡುತ್ತದೆ, ಇನ್ನೊಂದು ಭೇದಿ ಮಾಡಿಸುತ್ತದೆ. ಅಣುವಿನ ರಚನೆ ಸ್ವಲ್ಪ ಬದಲಾದರೂ ಕೆಲಸ ಪೂರ್ತಿ ಬದಲಾಗುತ್ತದೆ.

*ಸ್ಯಾಲಿಸಿನ್ ಏನು ಮಾಡುತ್ತದೆ?*
1828ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಬುಕ್ನರ್ ಇದನ್ನು ತೊಗಟೆಯಿಂದ ಬೇರ್ಪಡಿಸಿದರು. ನಮ್ಮ ದೇಹದಲ್ಲಿ ಇದರ ಸಕ್ಕರೆ ಕಳಚಿ, ಉಳಿದ ಭಾಗ ಸ್ಯಾಲಿಸಿಲಿಕ್ ಆಮ್ಲವಾಗುತ್ತದೆ. ನೋವು, ಜ್ವರ ತಗ್ಗಿಸುವ ಗುಣ ಇದಕ್ಕಿದೆ.

ಆದರೆ ಇದು ಆಸ್ಪಿರಿನ್ ಅಲ್ಲ! ಸ್ಯಾಲಿಸಿಲಿಕ್ ಆಮ್ಲಕ್ಕೆ ಅಸಿಟೈಲ್ ಎಂಬ ಚಿಕ್ಕ ಗುಂಪು ಸೇರಿದರೆ ಮಾತ್ರ ಆಸ್ಪಿರಿನ್. 1897ರಲ್ಲಿ ಬೇಯರ್ ಕಂಪನಿಯ ಪ್ರಯೋಗಾಲಯದಲ್ಲಿ ಇದನ್ನು ಶುದ್ಧ ರೂಪದಲ್ಲಿ ತಯಾರಿಸಿದರು. ನಮ್ಮ ದೇಹ ಈ ಗುಂಪನ್ನು ತಾನಾಗಿ ಸೇರಿಸಿಕೊಳ್ಳುವುದಿಲ್ಲ.

*ಹೃದಯ ಕಾಯುವುದು ಈ ಚಿಕ್ಕ ಗುಂಪೇ*
ರಕ್ತ ಹೆಪ್ಪುಗಟ್ಟಿಸುವ ಕಣಗಳಿಗೆ ಪ್ಲೇಟ್‌ಲೆಟ್ ಎನ್ನುತ್ತೇವೆ. ಆಸ್ಪಿರಿನ್‌ನ ಅಸಿಟೈಲ್ ಗುಂಪು ಪ್ಲೇಟ್‌ಲೆಟ್‌ನ ಒಂದು ಕಿಣ್ವಕ್ಕೆ ಅಂಟಿಕೊಂಡು ಅದನ್ನು ಶಾಶ್ವತವಾಗಿ ನಿಲ್ಲಿಸುತ್ತದೆ. ಪ್ಲೇಟ್‌ಲೆಟ್‌ಗೆ ಹೊಸ ಕಿಣ್ವ ತಯಾರಿಸುವ ಶಕ್ತಿ ಇಲ್ಲ. ಹಾಗಾಗಿ ಅದು ಬದುಕಿರುವ 7ರಿಂದ 10 ದಿನವೂ ಈ ಪರಿಣಾಮ ಉಳಿಯುತ್ತದೆ. ಸ್ಟೆಂಟ್‌ನೊಳಗೆ ರಕ್ತ ಗಟ್ಟಿಯಾಗದಂತೆ ತಡೆಯುವುದು ಹೀಗೆ. ತೊಗಟೆಯ ಕ್ಯಾಪ್ಸೂಲ್‌ಗೆ ಇದು ಸಾಧ್ಯವಿಲ್ಲ.

*ನೆನಪಿಡಿ*
✅ ವೈದ್ಯರನ್ನು ಕೇಳದೆ ಆಸ್ಪಿರಿನ್ ನಿಲ್ಲಿಸಬೇಡಿ. ಸ್ಟೆಂಟ್ ಮುಚ್ಚಿಕೊಂಡು ಹೃದಯಾಘಾತ ಆಗಬಹುದು.
✅ ಹೊಟ್ಟೆ ಉರಿ ಬಂದರೆ ಹೇಳಿ, ಅದಕ್ಕೆ ಔಷಧ ಇದೆ.
✅ ಆಸ್ಪಿರಿನ್ ಜೊತೆಗೂ ವಿಲೋ ಬೇಡ. ರಕ್ತಸ್ರಾವ ಹೆಚ್ಚಬಹುದು. ಆಸ್ಪಿರಿನ್ ಅಲರ್ಜಿ ಇರುವವರಂತೂ ಮುಟ್ಟಲೇಬಾರದು.
✅ ರಜೆಗೆ ಊರಿಗೆ ಹೊರಟಾಗ ಮಾತ್ರೆ ಕೈಚೀಲದಲ್ಲೇ ಇರಲಿ.
✅ "ಗಿಡದ್ದು, ಏನೂ ಆಗಲ್ಲ" ಎನ್ನಬೇಡಿ. ಕಣಗಿಲೆಯಲ್ಲಿರುವುದೂ ಗ್ಲೈಕೋಸೈಡೇ. ಅದರ ಅಗ್ಲೈಕೋನ್ ಸ್ಟೆರಾಯ್ಡ್ ಜಾತಿಯದು, ಹೃದಯದ ಬಡಿತವನ್ನೇ ಕೆಡಿಸಿ ಪ್ರಾಣ ತೆಗೆಯಬಲ್ಲದು.

ನಿಮ್ಮ ಮನೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡ ಹಿರಿಯರಿದ್ದರೆ ಇದನ್ನು ಓದಿ ಹೇಳಿ. 🙏