ತಲೆ ತಿರುಗಿದರೆ ಪಿತ್ತವೇ?

ಬೆಳಗಿನ ಹೊತ್ತು. ತುಮಕೂರಿನ ಉಪ್ಪಾರಹಳ್ಳಿಯ ಮನೆಯೊಂದರಲ್ಲಿ ಗೃಹಿಣಿ ರಂಗೋಲಿ ಹಾಕಿ ಮೇಲೇಳುವಾಗ ಕಣ್ಣು ಕತ್ತಲಿಟ್ಟು, ಬಾಗಿಲ ಚೌಕಟ್ಟನ್ನು ಹಿಡಿದು ನಿಂತರೆಂದು ಭಾವಿಸೋಣ. “ಪಿತ್ತ ಕಣಮ್ಮ, ನಿಂಬೆಹಣ್ಣಿನ ಪಾನಕ ಕುಡಿ” ಎನ್ನುತ್ತಾರೆ ಅತ್ತೆ. “ಬಿ.ಪಿ. ಇರಬೇಕು ಕಣ್ರೀ” ಎನ್ನುತ್ತಾರೆ ಪಕ್ಕದ ಮನೆಯವರು. ಪತಿ ಔಷಧದ ಅಂಗಡಿಯಿಂದ ನಾಲ್ಕು ಮಾತ್ರೆ ತರುತ್ತಾರೆ. ಅಂದಿಗೆ ಶಮನ, ಮುಂದಿನ ವಾರ ಮತ್ತೆ ಅದೇ. ಹೀಗೆಯೇ ತಿಂಗಳುಗಳನ್ನು ಕಳೆಯುವ ಸಂಸಾರಗಳು ನಮ್ಮಲ್ಲಿ ಎಷ್ಟಿಲ್ಲ!

ತಲೆ ತಿರುಗುವಿಕೆ ತಾನೇ ಒಂದು ರೋಗವಲ್ಲ. ಒಳಗಿರುವ ಬೇರೊಂದು ಕಾರಣದ ಸೂಚನೆ. ಆ ಕಾರಣವನ್ನು ಹುಡುಕಲು ನಮ್ಮ ಆಡುಮಾತೇ ಒಂದಿಷ್ಟು ದಾರಿ ತೋರುತ್ತದೆ. ‘ಮನೆಯೇ ಗಿರ್ರನೆ ಸುತ್ತಿತು’ ಎನ್ನುವುದು ಒಂದು ಬಗೆ. ‘ಕಣ್ಣು ಕತ್ತಲಿಟ್ಟಿತು’ ಎನ್ನುವುದು ಇನ್ನೊಂದು. ‘ನಡೆದರೆ ಓಲಾಡುತ್ತದೆ’ ಎನ್ನುವುದು ಮತ್ತೊಂದು. ಆದರೆ ಇದಕ್ಕಿಂತಲೂ ಮುಖ್ಯವಾದದ್ದು, ಅದು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದು.

ಕಿವಿಯೊಳಗಿನ ತಕ್ಕಡಿ

ಕಿವಿ ಇರುವುದು ಕೇಳುವುದಕ್ಕೆ ಮಾತ್ರವಲ್ಲ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿದ್ದು, ಅವು ದೇಹದ ಸಮತೋಲವನ್ನು ಕಾಯುತ್ತವೆ. ಈ ಅಂಗದ ಅಧ್ಯಯನಕ್ಕಾಗಿಯೇ ವಿಯೆನ್ನಾದ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಪಾರಿತೋಷಕ ದೊರೆಯಿತು. ಒಳಕಿವಿಯ ಸೂಕ್ಷ್ಮ ಸುಣ್ಣದ ಹರಳುಗಳು ಸ್ಥಳ ತಪ್ಪಿ ಈ ನಾಳಗಳಿಗೆ ಜಾರಿದರೆ, ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಇಲ್ಲವೇ ಅಟ್ಟದತ್ತ ತಲೆಯೆತ್ತುವಾಗ ಜಗತ್ತೇ ಸುತ್ತುತ್ತದೆ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಲ್ಲುತ್ತದೆ. ಇದಕ್ಕೆ ವರ್ಷಗಟ್ಟಲೆ ಮಾತ್ರೆ ಬೇಕಿಲ್ಲ. ತಿಳಿದ ವೈದ್ಯರು ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳುಗಳನ್ನು ಮರಳಿ ಸ್ವಸ್ಥಾನಕ್ಕೆ ಸೇರಿಸಬಲ್ಲರು.

ಸುತ್ತಿನೊಡನೆ ಕಿವಿಯಲ್ಲಿ ಮೊರೆತ, ಕಿವುಡುತನ ಕಂಡು, ಅದು ಗಂಟೆಗಟ್ಟಲೆ ಇದ್ದರೆ, 1861ರಲ್ಲಿ ಪ್ಯಾರಿಸ್ಸಿನ ಪ್ರಾಸ್ಪರ್ ಮೆನಿಯೇರ್ ವರ್ಣಿಸಿದ ವ್ಯಾಧಿ ಇರಬಹುದು. ಅರೆತಲೆನೋವಿನವರಿಗೂ ತಲೆ ಸುತ್ತುವುದುಂಟು. ಬಹಳಷ್ಟು ಮಂದಿ ಕತ್ತಿನ ಮೂಳೆಯ ಸವೆತವನ್ನು ದೂರುತ್ತಾರೆ. ಆದರೆ ನಿಜವಾದ ಅಪರಾಧಿ ಅನೇಕ ವೇಳೆ ಕಿವಿಯೇ.

ಎದ್ದೊಡನೆ ಕತ್ತಲು

ಎದ್ದು ನಿಂತ ಮೂರು ನಿಮಿಷಗಳೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20ರಷ್ಟು ಇಳಿದರೆ ಅದು ಗಮನಿಸತಕ್ಕ ವಿಷಯ. ಬೇಸಗೆಯಲ್ಲಿ ನೀರು ಸಾಲದಿರುವುದು, ರಕ್ತದೊತ್ತಡದ ಔಷಧಿ, ನಿದ್ರೆ ಮಾತ್ರೆ, ವೃದ್ಧರ ಮೂತ್ರಕೋಶದ ಔಷಧಿಗಳು ಇದಕ್ಕೆ ಕಾರಣವಾಗಬಹುದು. ಹಾಗೆಂದು ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು. ಮಲಗಿದಾಗಲೂ ನಿಂತಾಗಲೂ ಒತ್ತಡ ಅಳೆಯಿರೆಂದು ವೈದ್ಯರನ್ನು ಕೇಳಬೇಕು. ಮಧುಮೇಹಿಗಳು ಔಷಧಿ ಸೇವಿಸಿ ಊಟ ತಪ್ಪಿಸಿದರೆ ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದು ತಲೆ ತಿರುಗೀತು.

ನಮ್ಮ ಗೃಹಿಣಿಯರ ವಿಷಯದಲ್ಲಿ ಮರೆಯಬಾರದ ಕಾರಣ ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನರು. ಎಲ್ಲರಿಗೂ ಬಡಿಸಿ, ಉಳಿದುದನ್ನು ಉಣ್ಣುವ ತಾಯಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯೆಂಬುದು ತಿಳಿಯುವುದೇ ಇಲ್ಲ. ಅಧಿಕ ಮುಟ್ಟಿನ ಸ್ರಾವವನ್ನು ಸಂಕೋಚದಿಂದ ಮುಚ್ಚಿಡುವುದೂ ಉಂಟು. ಸೊಪ್ಪು, ಕಾಳು, ರಾಗಿಯೊಡನೆ ನಿಂಬೆರಸ ಹಿತಕರ. ಊಟವಾದೊಡನೆ ಕಾಫಿ ಕುಡಿದರೆ ಕಬ್ಬಿಣದ ಅಂಶ ಸರಿಯಾಗಿ ಮೈಗೆ ಹತ್ತದು. ಶಾಕಾಹಾರಿಗಳಲ್ಲಿ ಬಿ-12 ಜೀವಸತ್ತ್ವದ ಕೊರತೆಯನ್ನೂ ನೋಡಬೇಕು.

ದೀರ್ಘಕಾಲದ ಚಿಂತೆಯೂ ತಲೆಯನ್ನು ಹಗುರಾಗಿಸಬಲ್ಲದು. ಅದನ್ನು ‘ನಾಟಕ’ ಎಂದು ಹಳಿಯುವುದು ಅನ್ಯಾಯ.

ತಡಮಾಡಬಾರದ ವೇಳೆ

ಥಟ್ಟನೆ ತಲೆ ಸುತ್ತಿ, ಮಾತು ತೊದಲಿದರೆ, ಮುಖ ಓರೆಯಾದರೆ, ಒಂದು ಎರಡಾಗಿ ಕಂಡರೆ, ಕೈಕಾಲು ಸೋತರೆ, ನಿಲ್ಲಲೇ ಆಗದಿದ್ದರೆ ಅದು ಮಿದುಳಿನ ಆಘಾತವಿರಬಹುದು. ಎದೆನೋವು, ಗುಂಡಿಗೆಯ ತಾಳ ತಪ್ಪಿದ ಬಡಿತ, ಎಚ್ಚರ ತಪ್ಪುವಿಕೆ ಹೃದಯದ ಕರೆಗಂಟೆ. ಆಗ ಪಾನಕ ಕದಡುತ್ತ ಕೂರದೆ 108ಕ್ಕೆ ಕರೆಮಾಡಿ ಆಸ್ಪತ್ರೆ ಸೇರಬೇಕು.

ಉಳಿದಂತೆ, ವೈದ್ಯರಲ್ಲಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ಬರೆದಿಡಿ: ಯಾವಾಗ ಬಂತು, ಏನು ಮಾಡುತ್ತಿದ್ದಾಗ, ಎಷ್ಟು ಹೊತ್ತು, ಯಾವ ಯಾವ ಮಾತ್ರೆ ನಡೆಯುತ್ತಿದೆ. ರಂಗೋಲಿ ಹಾಕಿ ಎದ್ದ ಆ ತಾಯಿಗೆ ಬೇಕಾದುದು ಬಹುಶಃ ಒಂದು ರಕ್ತಪರೀಕ್ಷೆ, ಮತ್ತು ‘ನೀನೂ ನಮ್ಮ ಜೊತೆಯಲ್ಲೇ ಊಟಕ್ಕೆ ಕೂರು’ ಎನ್ನುವ ಒಂದು ಮಾತು.