ನಡುವೆ ಬಂದ ಮಾತು

ನಮ್ಮ ಕಚೇರಿಯಿಂದ ಕಾಗದವೊಂದು ಹೊರಡುವ ಮೊದಲು ನೋಡಬೇಕಾದ ಸಂಗತಿಗಳು ನಾಲ್ಕೇ: ವಿಳಾಸ, ಕ್ರಮಾಂಕ, ಸಹಿ, ಲಗತ್ತು. ಹತ್ತು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವ ನಾನು ಕಳೆದ ವರ್ಷ ಒಬ್ಬ ವೃದ್ಧರ ಪಿಂಚಣಿ ಕಾಗದವನ್ನು ಲಗತ್ತಿಲ್ಲದೆಯೇ ಕಳುಹಿಸಿಬಿಟ್ಟೆ. ಸಹಿಯನ್ನು ನೋಡುತ್ತಿದ್ದಾಗ ಸಾಹೇಬರು ಕರೆದರು, ಹೋಗಿ ಬಂದೆ, ಎಲ್ಲವೂ ಆಯಿತೆಂದು ಲಕೋಟೆ ಅಂಟಿಸಿದೆ. ಪಾಪ, ಆ ಹಿರಿಯರು ಎರಡು ತಿಂಗಳು ಹೆಚ್ಚಾಗಿ ಕಾಯಬೇಕಾಯಿತು.

ನನಗೆ ಕ್ಷಮೆ ಕೇಳುವ ಅವಕಾಶವಾದರೂ ಇತ್ತು. ವಿಮಾನ ನಡೆಸುವವರಿಗೆ ಎಷ್ಟೋ ಸಲ ಅದೂ ಇರುವುದಿಲ್ಲ.

ವಿಮಾನದಲ್ಲಿ ತಪಾಸಣೆಯ ಪಟ್ಟಿ ರೂಢಿಗೆ ಬಂದದ್ದೇ ಒಂದು ಮರೆವಿನಿಂದ. 1935ರ ಅಕ್ಟೋಬರ್ 30ರಂದು ಅಮೆರಿಕದ ಡೇಟನ್ ಬಳಿ ಬೋಯಿಂಗ್ ಕಂಪನಿಯ ಹೊಸ ವಿಮಾನವೊಂದು ಏರುತ್ತಲೇ ಬಿದ್ದಿತು. ನಿಂತಿರುವಾಗ ಗಾಳಿಗೆ ಅಲುಗದಂತೆ ಬಾಲದ ಪಟ್ಟಿಗಳಿಗೆ ಹಾಕಿದ್ದ ಬೀಗವನ್ನು ತೆಗೆದಿರಲಿಲ್ಲ. ನಡೆಸಿದವರು ನುರಿತವರೇ. ಆದ್ದರಿಂದ, ಇನ್ನು ನೆನಪನ್ನು ನಂಬುವುದು ಬೇಡ, ಬರೆದಿಟ್ಟು ಓದೋಣ ಎಂದಾಯಿತು.

ಓದುವಾಗ ಹರಟೆ ಬೇಡವೆಂದು 1981ರಲ್ಲಿ ಅಮೆರಿಕ ನಿಯಮವನ್ನೂ ಮಾಡಿತು: ನೆಲದ ಮೇಲೆ ಸಾಗುವಾಗ, ಏರುವಾಗ, ಇಳಿಯುವಾಗ, ಹತ್ತು ಸಾವಿರ ಅಡಿಯೊಳಗೆ, ಕೆಲಸಕ್ಕೆ ಬೇಡದ ಮಾತು ಕೂಡದು. ಆದರೆ ಕೆಲಸದ ಮಾತೇ ಅಡ್ಡ ಬಂದರೆ?

2008ರ ಆಗಸ್ಟ್ 20. ಸ್ಪೇನಿನ ಮ್ಯಾಡ್ರಿಡ್ ನಿಲ್ದಾಣದಲ್ಲಿ ಸ್ಪಾನ್‌ಏರ್ ವಿಮಾನವೊಂದು ಸಣ್ಣ ದೋಷಕ್ಕಾಗಿ ಹಿಂದಿರುಗಿ, ರಿಪೇರಿಯಾಗಿ, ತಡವಾಗಿ ಮತ್ತೆ ಹೊರಟಿತು. ಎಂಜಿನ್ ಚಾಲೂ ಆದ ಮೇಲಿನ ಪಟ್ಟಿಯನ್ನು ಓದುತ್ತಿದ್ದರು. ಕೊನೆಯ ಬಾಬು ರೆಕ್ಕೆಯ ಫ್ಲ್ಯಾಪುಗಳು; ಅವನ್ನು ಹೊರಚಾಚದಿದ್ದರೆ ಏರುವ ವೇಗದಲ್ಲಿ ರೆಕ್ಕೆಗೆ ಎತ್ತುವ ಬಲ ಸಾಲದು. ಆ ಬಾಬು ಬರುವಷ್ಟರಲ್ಲಿ, ಹೊರಡಲು ಅಪ್ಪಣೆ ಕೇಳೆಂದು ಕ್ಯಾಪ್ಟನ್ ಸಹಚಾಲಕನಿಗೆ ಹೇಳಿದರು. ಅದೂ ಕೆಲಸವೇ, ಹರಟೆಯಲ್ಲ. ಪಟ್ಟಿ ಅಲ್ಲಿಗೇ ನಿಂತಿತು. ಮುಂದಿನ ತಪಾಸಣೆಯಲ್ಲಿ ಫ್ಲ್ಯಾಪಿನ ಅಂಕಿಯನ್ನು ಬಾಯಿ ಒಪ್ಪಿಸಿತು, ಕಣ್ಣು ನೋಡಲಿಲ್ಲ. ಎಚ್ಚರಿಸಬೇಕಾದ ಗಂಟೆಯೂ ಮೊಳಗಲಿಲ್ಲ. ಇದ್ದ 172 ಮಂದಿಯಲ್ಲಿ 154 ಮಂದಿ ತೀರಿಹೋದರು.

ಇದೇ ಜಾತಿಯ ವಿಮಾನಕ್ಕೆ 1987ರಲ್ಲಿ ಡೆಟ್ರಾಯಿಟ್‌ನಲ್ಲಿ ಇದೇ ಗತಿಯಾಗಿತ್ತು. ಸಾಗುತ್ತಿದ್ದಾಗ ಓಡುದಾರಿ ಬದಲಾಯಿತು; ಆ ಗಡಿಬಿಡಿಯ ನಡುವೆ ಫ್ಲ್ಯಾಪು ಇದ್ದ ಪಟ್ಟಿಯನ್ನು ಓದಲೇ ಇಲ್ಲ. 156 ಜೀವಗಳು ಹೋದವು. ವಿಮಾನದಲ್ಲಿದ್ದವರ ಪೈಕಿ ಉಳಿದದ್ದು ನಾಲ್ಕು ವರ್ಷದ ಹೆಣ್ಣು ಮಗುವೊಂದೇ.

ಇವರಾರೂ ಕೆಲಸ ಅರಿಯದವರಲ್ಲ. ದಿನವೂ ಮಾಡುವ ಕೆಲಸದ ಮೋಸವೇ ಅದು: ನಿನ್ನೆ ಮಾಡಿದ್ದು ಇಂದು ಮಾಡಿದಂತೆ ನೆನಪಾಗುತ್ತದೆ, 'ನೋಡಬೇಕು' ಎಂಬುದು 'ನೋಡಿದೆ' ಎಂದಾಗಿಬಿಡುತ್ತದೆ. ಅದಕ್ಕೇ ವೈಮಾನಿಕರಿಗೆ ಕಲಿಸುವ ಪಾಠವೊಂದುಂಟು: ಪಟ್ಟಿ ನಡುವೆ ಕಡಿದರೆ, ನಿಂತಲ್ಲಿಂದಲ್ಲ, ಮೊದಲಿನಿಂದ ಓದು.

ಈ ಪಾಠ ಮನೆಗೂ ಸಲ್ಲುತ್ತದೆ. ಅಪ್ಪನ ಮಾತ್ರೆಗಳನ್ನು ಎಣಿಸುವಾಗ ಕರೆಗಂಟೆ ಬಾರಿಸಿದರೆ, ಬಾಗಿಲು ತೆರೆದು ಬಂದು ಮತ್ತೆ ಮೊದಲಿನಿಂದ ಎಣಿಸಬೇಕು.

ಸಾಹೇಬರು ಕರೆದರೆ ನಾನು ಈಗಲೂ ಎದ್ದುಹೋಗುತ್ತೇನೆ, ಹೋಗದೆ ವಿಧಿಯಿಲ್ಲ. ಬಂದು ಕೂತ ಮೇಲೆ ಮಾತ್ರ ವಿಳಾಸದಿಂದಲೇ ಪ್ರಾರಂಭ.